ಮೂರು ಫೈಲು, ಒಂದೇ ಪದ

ರೇಡಿಯೇಷನ್ ವಿಭಾಗದ ಹೊರಗಿನ ಬೆಂಚಿನ ಮೇಲೆ ಆರು ವಾರ ಕೂತರೆ ಯಾರಿಗಾದರೂ ಅರ್ಧ ಡಾಕ್ಟರಿಕೆ ಬಂದುಬಿಡುತ್ತದೆ. ನನಗೂ ಹಾಗೇ ಆಯಿತು. ಚಿಕ್ಕಪ್ಪನಿಗೆ ನಾಲಿಗೆಯ ಅಂಚಿನಲ್ಲಿ ಕ್ಯಾನ್ಸರ್. ಆಪರೇಷನ್ ಮುಗಿದಿತ್ತು. ಆಮೇಲೆ ವಾರಕ್ಕೆ ಐದು ದಿನದಂತೆ ಒಟ್ಟು 30 ಸಲ ಕರೆಂಟ್ ಕೊಡಬೇಕು ಅಂದಿದ್ದರು. ರೇಡಿಯೇಷನ್‌ಗೆ ನಮ್ಮ ಮನೆಯಲ್ಲಿ ಎಲ್ಲರೂ ಕರೆಂಟ್ ಅಂತಲೇ ಅನ್ನುತ್ತಾರೆ. ಅದು ವಿದ್ಯುತ್ ಅಲ್ಲ, ಎಕ್ಸ್-ರೇಯದೇ ದೊಡ್ಡಣ್ಣ ಅಂತ ನಾನು ಹತ್ತು ಸಲ ಹೇಳಿ ಕೊನೆಗೆ ನಾನೂ ಕರೆಂಟ್ ಅನ್ನುವುದಕ್ಕೆ ಶುರು ಮಾಡಿದೆ.

ದಿನಾ ಅದೇ ಹೊತ್ತಿಗೆ ಬರುವವರು ಅದೇ ಮುಖಗಳು. ಹಾಗಾಗಿ ಬೆಂಚಿನ ಗೆಳೆತನ ಬೆಳೆಯಿತು. ಒಬ್ಬರು ಮೇಷ್ಟ್ರು, ಅವರಿಗೆ ಅನ್ನನಾಳದಲ್ಲಿ. ಇನ್ನೊಬ್ಬರು ಐವತ್ತು ದಾಟಿದ ಹೆಂಗಸು, ಅವರಿಗೆ ಗರ್ಭಕೊರಳಿನಲ್ಲಿ. ಒಂದು ದಿನ ಮಷೀನು ಕೆಟ್ಟು ಎರಡು ಗಂಟೆ ಕಾದರೂ ಸರಿಹೋಗಲಿಲ್ಲ. ಕೂತು ಕೂತು ಬೇಜಾರಾಗಿ ಮೂವರೂ ಫೈಲು ಅದಲು ಬದಲು ಮಾಡಿಕೊಂಡು ನೋಡಿದರು. ಮೂರರ ಬಯಾಪ್ಸಿ ವರದಿಯಲ್ಲೂ ಒಂದೇ ಮಾತು: ಸ್ಕ್ವೇಮಸ್ ಸೆಲ್ ಕಾರ್ಸಿನೋಮ.

ಚಿಕ್ಕಪ್ಪನಿಗೆ ತಲೆ ಕೆಟ್ಟಿತು. ನಾಲಿಗೆಯ ಒಂದು ಭಾಗ ತೆಗೆದಿದ್ದರಿಂದ ಆಗ ಅವರ ಮಾತು ಇನ್ನೂ ತೊದಲುತ್ತಿತ್ತು. ಆದರೂ ಅಷ್ಟು ಜನರ ಮುಂದೆ ಜೋರಾಗಿಯೇ ಕೇಳಿದರು: "ಅಲ್ಲ ಕಣೋ, ಮೂವರಿಗೂ ಒಂದೇ ಕಾಯಿಲೆ. ನನಗೆ ಮೊದಲು ಕತ್ತರಿ, ಆಮೇಲೆ ಕರೆಂಟು. ಮೇಷ್ಟ್ರಿಗೆ ಮೊದಲು ಕರೆಂಟು, ಆಮೇಲೆ ಕತ್ತರಿಯಂತೆ. ಈ ಅಕ್ಕನಿಗೆ ಕತ್ತರಿಯೇ ಇಲ್ಲವಂತೆ. ಯಾರೋ ಒಬ್ಬರಿಗೆ ಇವರು ತಪ್ಪು ಮಾಡ್ತಿದ್ದಾರೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಪ್ರಶ್ನೆ ಒಳ್ಳೆಯದು ಅಲ್ವಾ? ಆವತ್ತಿನಿಂದ ಓದಿದ್ದು, ಸಿಕ್ಕ ಸಿಕ್ಕ ಡಾಕ್ಟರನ್ನು ಕಾಡಿ ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮನೆಯವರ ಚಿಕಿತ್ಸೆಯನ್ನು ಇದನ್ನು ಓದಿ ಬದಲಾಯಿಸಬೇಡಿ, ಡಾಕ್ಟರನ್ನು ಕೇಳುವುದಕ್ಕೆ ಬೇಕಾದರೆ ಬಳಸಿಕೊಳ್ಳಿ.

ಮೊದಲು ಆ ಪದ. ಲ್ಯಾಟಿನ್ ಭಾಷೆಯಲ್ಲಿ ಸ್ಕ್ವಾಮ ಅಂದರೆ ಮೀನಿನ ಹುರುಪೆ. ಸ್ಕ್ವೇಮಸ್ ಕೋಶಗಳು ಚಪ್ಪಟೆ. ಹುರುಪೆಯ ಹಾಗೆ ಒಂದರ ಪಕ್ಕ ಒಂದು, ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಎಲ್ಲೆಲ್ಲಿ ದೇಹಕ್ಕೆ ಉಜ್ಜಾಟ ಜಾಸ್ತಿಯೋ ಅಲ್ಲೆಲ್ಲ ಇವು ಇವೆ. ಚರ್ಮ, ತುಟಿ, ಬಾಯಿಯ ಒಳಗೋಡೆ, ನಾಲಿಗೆ, ಗಂಟಲು, ಅನ್ನನಾಳ, ಗರ್ಭಕೊರಳಿನ ಹೊರಮೈ, ಯೋನಿ, ಗುದದ್ವಾರ. ಒಟ್ಟಿನಲ್ಲಿ ಹೊರಗಿನ ಜಗತ್ತು ನಮ್ಮನ್ನು ಮುಟ್ಟುವ ಕಡೆ ಹಾಸಿರುವ ಹಾಸು ಇದು.

ಈ ಹಾಸು ಸುಮ್ನೆ ಕೂತಿರುವುದಿಲ್ಲ. ತಳದ ಸಾಲಿನ ಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಹೊಸದಾಗಿ ಹುಟ್ಟಿದ್ದು ಮೇಲಕ್ಕೆ ತಳ್ಳಿಸಿಕೊಂಡು ಹೋಗುತ್ತಾ ಚಪ್ಪಟೆಯಾಗುತ್ತದೆ. ಚರ್ಮದಲ್ಲಾದರೆ ಕೆರಾಟಿನ್ ತುಂಬಿಕೊಂಡು, ಸತ್ತು, ಉದುರುತ್ತದೆ. ಕೆರಾಟಿನ್ ಅಂದರೆ ನಮ್ಮ ಉಗುರು, ಕೂದಲಿನಲ್ಲಿರುವುದೇ. ತಳದಿಂದ ಹೊರಟು ಉದುರುವ ತನಕ ಚರ್ಮದಲ್ಲಿ ಹೆಚ್ಚುಕಮ್ಮಿ ಒಂದು ತಿಂಗಳು. ಬಾಯಿಯಲ್ಲಿ ಇನ್ನೂ ಬೇಗ. ಈ ಬೇಗ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಚಿಕ್ಕಪ್ಪನ ಬಾಯಿ ಹುಣ್ಣಾದಾಗ ಇದೇ ಕಾರಣವಾಗಿ ಬರುತ್ತದೆ.

ಇಷ್ಟು ಒಡೆಯುವ, ಇಷ್ಟು ಏಟು ತಿನ್ನುವ ಜಾಗದಲ್ಲಿ ಜೀನುಗಳನ್ನು ನಕಲು ಮಾಡುವಾಗ ತಪ್ಪಾಗುವ ಅವಕಾಶವೂ ಜಾಸ್ತಿ. ಏಟು ಕೊಡುವುದು ಯಾವುದು ಅನ್ನುವುದು ಜಾಗದ ಮೇಲೆ. ಚರ್ಮಕ್ಕೆ ಬಿಸಿಲಿನ ಅತಿನೇರಳೆ ಕಿರಣ. ಬಾಯಿಗೆ ತಂಬಾಕು, ಅಡಿಕೆ, ಮದ್ಯ. ಗರ್ಭಕೊರಳಿಗೆ ಎಚ್‌ಪಿವಿ ಎಂಬ ವೈರಸ್ಸು. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಸರ್ಜನ್, ಹೊಗೆಗೂಡು ಗುಡಿಸುವ ಕೆಲಸದವರಿಗೆ ವೃಷಣದ ಚೀಲದ ಮೇಲೆ ಕ್ಯಾನ್ಸರ್ ಬರುವುದು ಮಸಿಯಿಂದ ಅಂತ ಬರೆದರು. ಮಾಡುವ ಕೆಲಸಕ್ಕೂ ಕ್ಯಾನ್ಸರಿಗೂ ಗಂಟು ಹಾಕಿ ತೋರಿಸಿದ ಮೊದಮೊದಲ ಬರಹ ಅದು. ಅವರು ಕಂಡಿದ್ದು ಚರ್ಮದ ಸ್ಕ್ವೇಮಸ್ ಕ್ಯಾನ್ಸರನ್ನೇ, ಆಗ ಆ ಹೆಸರು ಇರಲಿಲ್ಲ ಅಷ್ಟೇ.

ಶ್ವಾಸಕೋಶದ ಕತೆ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿತು. ಅದರ ಗಾಳಿಚೀಲಗಳಲ್ಲಿ ತೆಳ್ಳಗೆ ಒಂದೇ ಪದರದ ಚಪ್ಪಟೆ ಕೋಶಗಳಿವೆ. ಆಮ್ಲಜನಕ ದಾಟಿ ಹೋಗಬೇಕಲ್ಲ, ಅದಕ್ಕೆ. ಶ್ವಾಸಕೋಶದ ಸ್ಕ್ವೇಮಸ್ ಕ್ಯಾನ್ಸರು ಅಲ್ಲಿಂದ ಬರುತ್ತದೆ ಅಂದುಕೊಂಡಿದ್ದೆ. ತಪ್ಪು. ಅದು ಸಾಮಾನ್ಯವಾಗಿ ಹುಟ್ಟುವುದು ದೊಡ್ಡ ಶ್ವಾಸನಾಳಗಳಲ್ಲಿ. ಅಲ್ಲಿ ಮೂಲದಲ್ಲಿ ಇರುವುದು ಉದ್ದುದ್ದದ, ತಲೆಯ ಮೇಲೆ ರೋಮ ಇರುವ ಕೋಶಗಳು. ವರ್ಷಗಟ್ಟಲೆ ಸಿಗರೇಟಿನ ಹೊಗೆ ಬಡಿದಾಗ, ಈ ನಾಜೂಕಿನ ಕೋಶಗಳಿದ್ದರೆ ಆಗಲ್ಲ ಅಂತ ದೇಹವೇ ಆ ಜಾಗದಲ್ಲಿ ಒರಟು ಸ್ಕ್ವೇಮಸ್ ಹಾಸನ್ನು ಹಾಸುತ್ತದೆ. ಕ್ಯಾನ್ಸರು ಶುರುವಾಗುವುದು ಆ ಹೊಸ ಹಾಸಿನಲ್ಲಿ.

ಇನ್ನು ಕಾರ್ಸಿನೋಮ ಅಂದರೆ ಇಂಥ ಹೊದಿಕೆಯ ಕೋಶದಿಂದ ಹುಟ್ಟಿದ ಕ್ಯಾನ್ಸರ್. ಕೆಟ್ಟ ಕೋಶಗಳು ತಳದ ಪೊರೆಯನ್ನು ಒಡೆದು ಕೆಳಗಿಳಿಯದೆ ಮೇಲೇ ಇದ್ದರೆ ವರದಿಯಲ್ಲಿ ಇನ್ ಸಿಟು ಅಂತ ಬರೆದಿರುತ್ತಾರೆ. ಇದ್ದಲ್ಲೇ ಇದೆ ಅಂತ ಅರ್ಥ. ಪೊರೆ ದಾಟಿದರೆ ಇನ್ವೇಸಿವ್. ಆ ಒಂದು ಗೆರೆ ದಾಟಿದ್ದೇ ತಡ, ರಕ್ತನಾಳ, ದುಗ್ಧನಾಳದ ದಾರಿ ಸಿಗುತ್ತದೆ.

ವೆಲ್ ಡಿಫರೆನ್ಷಿಯೇಟೆಡ್ ಅಂತ ಇನ್ನೊಂದು ಮಾತಿರುತ್ತದೆ. ನಾವು ಅದನ್ನು ಓದಿ ಏನೋ ದೊಡ್ಡ ಅಪಾಯ ಅಂತ ಒಂದು ರಾತ್ರಿ ನಿದ್ದೆಗೆಟ್ಟೆವು. ವರದಿ ಕೈಗೆ ಕೊಟ್ಟ ಆಸ್ಪತ್ರೆಯಲ್ಲಿ ವಿವರಿಸುವುದಕ್ಕೆ ಎರಡು ನಿಮಿಷ ಯಾರಿಗೂ ಪುರುಸೊತ್ತಿರಲಿಲ್ಲ. ಅದರ ಅರ್ಥ ಉಲ್ಟಾ. ಕೆಟ್ಟ ಕೋಶ ಇನ್ನೂ ತನ್ನ ಹಳೆಯ ರೂಪ ಉಳಿಸಿಕೊಂಡಿದೆ, ಕೆರಾಟಿನ್ ಮಾಡುತ್ತಿದೆ, ಸೂಕ್ಷ್ಮದರ್ಶಕದಲ್ಲಿ ಆ ಕೆರಾಟಿನ್ ಮುತ್ತಿನ ಹಾಗೆ ಸುತ್ತಿಕೊಂಡು ಕಾಣುತ್ತದೆ. ಪೂರ್ಲಿ ಅಂದರೆ ಕೋಶ ತನ್ನ ಗುರುತನ್ನೇ ಬಿಟ್ಟುಕೊಟ್ಟಿದೆ ಅಂತ. ಸಾಮಾನ್ಯವಾಗಿ ಅಂಥದ್ದರ ಓಟ ಹೆಚ್ಚು.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರುತ್ತೇನೆ. ಮೂವರಿಗೂ ಕೋಶ ಒಂದೇ. ಆದರೆ ಡಾಕ್ಟರು ಕೋಶವನ್ನು ಮಾತ್ರ ನೋಡುವುದಿಲ್ಲ. ಎಲ್ಲಿದೆ, ಎಷ್ಟು ಹರಡಿದೆ, ಅದನ್ನು ತೆಗೆದರೆ ಮನುಷ್ಯನ ಹತ್ತಿರ ಏನು ಉಳಿಯುತ್ತದೆ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ಬಾಯಿಯ ಕ್ಯಾನ್ಸರಿಗೆ ಸಾಧ್ಯವಾದರೆ ಆಪರೇಷನ್ನೇ ಮೊದಲು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಜಾಗ. ಗಡ್ಡೆಯ ಸುತ್ತ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ಅದಕ್ಕೆ ಮಾರ್ಜಿನ್ ಅನ್ನುತ್ತಾರೆ. ಲ್ಯಾಬಿನಲ್ಲಿ ಅಳೆದಾಗ ಆ ಅಂಚು 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸ್ವಚ್ಛವಾಗಿದ್ದರೆ ನೆಮ್ಮದಿ. ಚಿಕ್ಕಪ್ಪನಿಗೆ ನಾಲಿಗೆಯ ಜೊತೆ ಕತ್ತಿನ ದುಗ್ಧಗ್ರಂಥಿಗಳನ್ನೂ ತೆಗೆದರು. ಸ್ಕ್ಯಾನಿನಲ್ಲಿ ಕತ್ತಿನಲ್ಲಿ ಏನೂ ಕಂಡಿರಲಿಲ್ಲ, ಹಾಗಿದ್ದ ಮೇಲೆ ಕತ್ತನ್ನು ಯಾಕೆ ಕೊಯ್ಯಬೇಕು ಅಂತ ಮನೆಯಲ್ಲಿ ದೊಡ್ಡ ಜಗಳವೇ ಆಯಿತು, ನಾನೂ ಆ ಕಡೆಯೇ ಇದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ಆಮೇಲೆ ಗೊತ್ತಾಯಿತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದೇ ಪ್ರಶ್ನೆಯನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಬಾಯಿಯ ಆರಂಭದ ಹಂತದ ಸ್ಕ್ವೇಮಸ್ ಕ್ಯಾನ್ಸರಿನವರಲ್ಲಿ ಅರ್ಧ ಜನಕ್ಕೆ ಮೊದಲೇ ಕತ್ತಿನ ಗ್ರಂಥಿ ತೆಗೆದರು, ಉಳಿದವರಿಗೆ ಗಂಟು ಕಾಣಿಸಿಕೊಂಡ ಮೇಲೆ ನೋಡೋಣ ಅಂತ ಕಾದರು. ಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಬದುಕಿದ್ದವರು ಶೇಕಡಾ 80, ಕಾದ ಗುಂಪಿನಲ್ಲಿ ಶೇಕಡಾ 67.5. ಚಿಕ್ಕಪ್ಪನ ಕತ್ತಿನಿಂದ ತೆಗೆದ ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಸ್ಕ್ಯಾನಿಗೆ ಕಾಣದಷ್ಟು ಸಣ್ಣದು.

ಆ ಎರಡು ಗ್ರಂಥಿಗಳಿಂದಾಗಿಯೇ ಕರೆಂಟ್ ಬಂತು. ಜೊತೆಗೆ ಕೀಮೋ ಬೇಕೋ ಬೇಡವೋ ಅನ್ನುವುದು ಇನ್ನೂ ಎರಡು ಸಂಗತಿಯ ಮೇಲೆ ನಿಂತಿತ್ತು. ಗ್ರಂಥಿಯ ಗೋಡೆ ಒಡೆದು ಕ್ಯಾನ್ಸರು ಹೊರಗೆ ಬಂದಿದೆಯಾ, ತೆಗೆದ ತುಂಡಿನ ಅಂಚಿನಲ್ಲಿ ಉಳಿದಿದೆಯಾ. ಎರಡರಲ್ಲಿ ಒಂದಿದ್ದರೂ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುತ್ತಾರೆ. ಚಿಕ್ಕಪ್ಪನಿಗೆ ಒಂದು ಗ್ರಂಥಿಯ ಗೋಡೆ ಒಡೆದಿತ್ತು. ಹಾಗಾಗಿ ಮೂರೂ ಆಯಿತು.

ಸಿಸ್‌ಪ್ಲಾಟಿನ್ ಬಗ್ಗೆ ಒಂದು ಕತೆ ಹೇಳಲೇಬೇಕು. 1960ರ ದಶಕದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ, ವಿದ್ಯುತ್ ಹರಿಸಿದರೆ ಬ್ಯಾಕ್ಟೀರಿಯ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಿದ್ದರು. ಬ್ಯಾಕ್ಟೀರಿಯಗಳು ಒಡೆದು ಎರಡಾಗುವುದನ್ನು ಬಿಟ್ಟು ಸುಮ್ನೆ ಉದ್ದಕ್ಕೆ ಬೆಳೆಯತೊಡಗಿದವು. ವಿದ್ಯುತ್ತಿನಿಂದಲ್ಲ. ತಂತಿಯ ತುದಿಗೆ ಹಾಕಿದ್ದ ಪ್ಲಾಟಿನಂ ಲೋಹ ದ್ರಾವಣಕ್ಕೆ ಕರಗಿ ಒಂದು ಹೊಸ ವಸ್ತು ಆಗಿತ್ತು, ಅದು ಕೋಶ ಒಡೆಯುವುದನ್ನು ತಡೆಯುತ್ತಿತ್ತು. ಕೋಶ ಒಡೆಯುವುದನ್ನು ತಡೆಯುತ್ತದೆ ಅಂದಮೇಲೆ ಕ್ಯಾನ್ಸರಿಗೆ ಯಾಕಾಗಬಾರದು ಅಂತ ಹೊಳೆಯಿತು. 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಆ ಬೆಂಚಿನ ಮೇಲೆ ಕೂತವರಲ್ಲಿ ಎಷ್ಟೋ ಜನರ ಫೈಲಿನಲ್ಲಿ ಅದರ ಹೆಸರಿದೆ. ರೇಡಿಯೇಷನ್ ಜೊತೆ ಕೊಟ್ಟಾಗ ಅದು ಕ್ಯಾನ್ಸರ್ ಕೋಶಗಳು ಏಟಿನಿಂದ ಚೇತರಿಸಿಕೊಳ್ಳದ ಹಾಗೆ ಮಾಡುತ್ತದೆ. ಮೂತ್ರಪಿಂಡಕ್ಕೂ ಕಿವಿಗೂ ಅದು ಒಳ್ಳೆಯದಲ್ಲ. ಅದಕ್ಕೇ ಹಿಂದೆ ಮುಂದೆ ಅಷ್ಟೊಂದು ಬಾಟಲಿ ಸಲೈನ್ ಹಾಕುವುದು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಶುರುವಾದರೆ ಮುಚ್ಚಿಡದೆ ಹೇಳಬೇಕು. ಚಿಕ್ಕಪ್ಪ ಎರಡು ವಾರ ಹೇಳಿರಲಿಲ್ಲ, ವಯಸ್ಸಿಗೆ ಬಂದಿದ್ದು ಅಂದುಕೊಂಡಿದ್ದರಂತೆ.

ಇನ್ನು ಆ ಅಕ್ಕ. ಗರ್ಭಕೊರಳಿನ ಕ್ಯಾನ್ಸರು ಚಿಕ್ಕದಿದ್ದರೆ, ಕೊರಳಿನಲ್ಲೇ ಇದ್ದರೆ, ಗರ್ಭಕೋಶ ತೆಗೆಯುವ ಆಪರೇಷನ್ ಮಾಡುತ್ತಾರೆ. ಅವರಿಗೆ ಅದು ಪಕ್ಕದ ಅಂಗಾಂಶಕ್ಕೆ ಹಬ್ಬಿತ್ತು. ಆ ಜಾಗದಲ್ಲಿ ಮೂತ್ರನಾಳ, ಮೂತ್ರಕೋಶ, ಗುದನಾಳ ಎಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಸ್ವಚ್ಛ ಅಂಚು ಸಿಗುವ ಹಾಗೆ ಕತ್ತರಿಸುವುದು ಕಷ್ಟ. ಕತ್ತರಿಸಿದರೂ ಆಮೇಲೆ ರೇಡಿಯೇಷನ್ ಬೇಕೇ ಬೇಕು, ಎರಡರ ತೊಂದರೆಯೂ ಅನುಭವಿಸಬೇಕು. ಹಾಗಾಗಿ ಶುರುವಿನಿಂದಲೇ ರೇಡಿಯೇಷನ್, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್. ಇದು ಕೈಲಾಗದೆ ಮಾಡಿದ ಚಿಕಿತ್ಸೆ ಅಂತ ಅವರ ಮನೆಯವರು ಅಂದುಕೊಂಡಿದ್ದರು. ಹಾಗಲ್ಲ. ವಾಸಿ ಮಾಡುವುದಕ್ಕೆ ಅಂತಲೇ ಕೊಡುವುದು. ರೇಡಿಯೇಷನ್ ಒಂದನ್ನೇ ಕೊಡುವುದಕ್ಕಿಂತ ಜೊತೆಗೆ ಸಿಸ್‌ಪ್ಲಾಟಿನ್ ಕೊಟ್ಟರೆ ಹೆಚ್ಚು ಜನ ಉಳಿಯುತ್ತಾರೆ ಅಂತ 1999ರಲ್ಲೇ ಐದು ಪರೀಕ್ಷೆಗಳ ಫಲಿತಾಂಶ ನೋಡಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಡಾಕ್ಟರುಗಳಿಗೆ ಸೂಚನೆ ಕಳಿಸಿತ್ತು.

ಹೊರಗಿನ ಕರೆಂಟ್ ಮುಗಿಯುತ್ತಾ ಬಂದ ಮೇಲೆ ಅವರಿಗೆ ಒಳಗಿನಿಂದ ಕೊಟ್ಟರು. ಬ್ರಾಕಿಥೆರಪಿ. ವಿಕಿರಣ ಬರುವ ಸಣ್ಣ ಮೂಲವನ್ನು ಕೊಳವೆಯಲ್ಲಿ ಗಡ್ಡೆಯ ಹತ್ತಿರಕ್ಕೇ ಕಳಿಸಿ, ಲೆಕ್ಕದ ಹೊತ್ತು ಇಟ್ಟು, ವಾಪಸ್ ತೆಗೆಯುವುದು. ಈ ಹಂತಕ್ಕೆ ಹೆದರಿ ಬಿಟ್ಟುಬಿಡುವ ಹೆಂಗಸರಿದ್ದಾರಂತೆ, ಹೊರಗಿನದೇ ಸಾಕು ಅಂತ. ಸಾಕಾಗುವುದಿಲ್ಲ. ಗಡ್ಡೆಗೆ ದೊಡ್ಡ ಡೋಸು, ಪಕ್ಕದ ಮೂತ್ರಕೋಶಕ್ಕೆ ಕಡಿಮೆ ಡೋಸು, ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಇದರಿಂದಲೇ.

ವಿಷಯಾಂತರ ಅನ್ನಿಸಿದರೂ ಒಂದು ಮಾತು. ಹೀಲಾ ಕೋಶಗಳ ಹೆಸರು ಕೇಳಿರಬಹುದು, ಲ್ಯಾಬುಗಳಲ್ಲಿ ಇಂದಿಗೂ ಬೆಳೆಸುವ ಕೋಶಗಳು. ಅವು 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಂಗಸಿನ ಗರ್ಭಕೊರಳಿನಿಂದ, ಅವರಿಗೆ ಹೇಳದೆ ಕೇಳದೆ ತೆಗೆದುಕೊಂಡವು. ಆಗಲೂ ಚಿಕಿತ್ಸೆ ಹೀಗೇ, ರೇಡಿಯಂ ತುಂಬಿದ ಕೊಳವೆಗಳನ್ನು ಒಳಗಿಟ್ಟು. ಅವರ ವರದಿಯಲ್ಲಿ ಮೊದಲು ಸ್ಕ್ವೇಮಸ್ ಬಗೆ ಅಂತ ಬರೆದಿದ್ದರು. ಎಷ್ಟೋ ವರ್ಷ ಆದಮೇಲೆ ಮತ್ತೆ ನೋಡಿದಾಗ ಅದು ಅಡಿನೋಕಾರ್ಸಿನೋಮ, ಅಂದರೆ ರಸ ಒಸರುವ ಗ್ರಂಥಿಕೋಶದ ಕ್ಯಾನ್ಸರ್, ಅಂತ ಗೊತ್ತಾಯಿತು. ಕೋಶದ ಹೆಸರು ಹೇಳುವುದು ನಾವಂದುಕೊಂಡಷ್ಟು ಸುಲಭ ಅಲ್ಲ ಅಂತ ನನಗೆ ಅನ್ನಿಸಿದ್ದು ಅದನ್ನು ಓದಿದ ಮೇಲೆ. ಈಗ ಅನುಮಾನ ಇದ್ದರೆ ಪಿ40 ಥರದ ಬಣ್ಣದ ಪರೀಕ್ಷೆಗಳಿವೆ. ಅದಕ್ಕಾಗಿ ವರದಿ ಮೂರು ದಿನ ತಡವಾದರೆ ದಯವಿಟ್ಟು ಲ್ಯಾಬಿನವರ ಮೇಲೆ ಕೂಗಾಡಬೇಡಿ. ನಾನು ಕೂಗಾಡಿದ್ದೆ.

ಮೇಷ್ಟ್ರದು ಮೂರನೆಯ ಬಗೆ. ಅನ್ನನಾಳದ ಮೇಲಿನ ಮತ್ತು ನಡುವಿನ ಭಾಗದಲ್ಲಿ ಬರುವುದು ಹೆಚ್ಚಾಗಿ ಸ್ಕ್ವೇಮಸ್. ಹೊಟ್ಟೆಯ ಹತ್ತಿರ ಕೆಳಗೆ ಬರುವುದು ಹೆಚ್ಚಾಗಿ ಅಡಿನೋಕಾರ್ಸಿನೋಮ, ಆಮ್ಲ ಮೇಲಕ್ಕೆ ಬಂದು ಬಂದು ಆಗುವಂಥದ್ದು. ಅಂದರೆ ಒಂದೇ ನಳಿಕೆ, ಮೇಲೊಂದು ಕ್ಯಾನ್ಸರ್, ಕೆಳಗೊಂದು ಕ್ಯಾನ್ಸರ್. ಮೇಷ್ಟ್ರಿಗೆ ಐದು ವಾರ ರೇಡಿಯೇಷನ್, ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧಿಗಳು, ಆಮೇಲೆ ಕೆಲವು ವಾರ ಬಿಟ್ಟು ಆಪರೇಷನ್ ಅಂತ ಇತ್ತು. ಈ ಕ್ರಮ ಬಂದದ್ದು ನೆದರ್‌ಲ್ಯಾಂಡ್ಸ್‌ನ ಕ್ರಾಸ್ ಎಂಬ ಪರೀಕ್ಷೆಯಿಂದ, 2012ರಲ್ಲಿ ಪ್ರಕಟವಾದದ್ದು. ಅದರಲ್ಲಿ ಒಂದು ಸಂಗತಿ ಓದಿ ನಾನು ಎದ್ದು ಕೂತೆ. ಕೀಮೋ, ಕರೆಂಟ್ ಮುಗಿಸಿ ಆಪರೇಷನ್ ಮಾಡಿ ತೆಗೆದ ಅನ್ನನಾಳವನ್ನು ಪರೀಕ್ಷಿಸಿದಾಗ, ಸ್ಕ್ವೇಮಸ್ ಇದ್ದವರಲ್ಲಿ ಶೇಕಡಾ 49 ಜನರಲ್ಲಿ ಒಂದೂ ಕ್ಯಾನ್ಸರ್ ಕೋಶ ಉಳಿದಿರಲಿಲ್ಲ. ಅಡಿನೋ ಇದ್ದವರಲ್ಲಿ ಶೇಕಡಾ 23. ಅಂಗ ಒಂದೇ, ಔಷಧಿ ಒಂದೇ, ಡೋಸು ಒಂದೇ. ಕೋಶ ಬೇರೆ ಆದದ್ದಕ್ಕೆ ಇಷ್ಟು ಫರಕು.

ಸ್ಕ್ವೇಮಸ್ ಕೋಶಕ್ಕೆ ರೇಡಿಯೇಷನ್ ನಾಟುತ್ತದೆ ಅನ್ನುವುದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಗುದದ್ವಾರದ ಕ್ಯಾನ್ಸರ್. ಅಲ್ಲಿ ಹೆಚ್ಚಿನವು ಸ್ಕ್ವೇಮಸ್ಸೇ. ಹಿಂದೆ ಅದಕ್ಕೆ ಇಡೀ ಗುದದ್ವಾರ ತೆಗೆದು, ಹೊಟ್ಟೆಯ ಮೇಲೆ ಜೀವನಪರ್ಯಂತ ಚೀಲ ಇಡುತ್ತಿದ್ದರು. ಡೆಟ್ರಾಯಿಟ್‌ನ ಸರ್ಜನ್ ನಾರ್ಮನ್ ನಿಗ್ರೋ, ಆಪರೇಷನ್ನಿಗೆ ಮೊದಲು ಗಡ್ಡೆ ಸ್ವಲ್ಪ ಕುಗ್ಗಲಿ ಅಂತ ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಕೊಟ್ಟರು. 1974ರಲ್ಲಿ ಮೂರು ರೋಗಿಗಳ ಬಗ್ಗೆ ಬರೆದರು. ಇಬ್ಬರಿಗೆ ಆಪರೇಷನ್ ಮಾಡಿ ನೋಡಿದರೆ ತೆಗೆದ ಭಾಗದಲ್ಲಿ ಕ್ಯಾನ್ಸರೇ ಇಲ್ಲ. ಮೂರನೆಯವರು ಆಪರೇಷನ್ ಬೇಡ ಅಂದುಬಿಟ್ಟರು, ಅವರೂ ಚೆನ್ನಾಗಿದ್ದರು. ಇವತ್ತು ಆ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಅದೇ, ಕತ್ತರಿ ಬರುವುದು ಅದು ವಾಸಿಯಾಗದೆ ಉಳಿದರೆ ಮಾತ್ರ. ಸರ್ಜನ್ ಒಬ್ಬರೇ ತಮ್ಮ ಆಪರೇಷನ್ ಬೇಡ ಅನ್ನುವ ದಾರಿ ತೆಗೆದದ್ದು ನನಗೆ ತುಂಬಾ ಹಿಡಿಸಿತು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲೂ ಇದೇ ಲೆಕ್ಕ, ಧ್ವನಿ ಉಳಿಸುವುದಕ್ಕೆ ಎಷ್ಟೋ ಸಲ ಕೀಮೋ ಮತ್ತು ರೇಡಿಯೇಷನ್ನೇ ಮೊದಲು.

ಹಾಗಾದರೆ ಬಾಯಿಗೂ ಬರೀ ಕರೆಂಟ್ ಕೊಡಬಹುದಿತ್ತಲ್ಲ ಅಂತ ಚಿಕ್ಕಪ್ಪ ಮತ್ತೆ ಕೇಳಿದರು. ಅವರ ಸರ್ಜನ್ನರು ತಾಳ್ಮೆಯ ಮನುಷ್ಯ. ಹೇಳಿದರು, ಬಾಯಿಯಲ್ಲಿ ಕೆಳದವಡೆಯ ಮೂಳೆ ಪಕ್ಕದಲ್ಲೇ ಇರುತ್ತದೆ, ಗಡ್ಡೆಯನ್ನು ಪೂರ್ತಿ ಸಾಯಿಸುವಷ್ಟು ಡೋಸು ಕೊಟ್ಟರೆ ಮೂಳೆ ಕೊಳೆಯುವ ಅಪಾಯ ಇದೆ, ತೆಗೆದು ಹೊಲಿದರೆ ಫಲಿತಾಂಶವೂ ಚೆನ್ನಾಗಿರುತ್ತದೆ. ಇದೇ ಕಾರಣಕ್ಕೆ ರೇಡಿಯೇಷನ್ನಿಗೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದ್ದು. ಕೆಟ್ಟ ಹಲ್ಲು ಏನಿದ್ದರೂ ಮೊದಲೇ ಕಿತ್ತು ಗಾಯ ಮಾಯಬೇಕು. ಕರೆಂಟ್ ತಿಂದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ. ಇದನ್ನು ಮಾತ್ರ ದಯವಿಟ್ಟು ಯಾರೂ ಮರೆಯಬೇಡಿ, ವರ್ಷಗಳ ನಂತರವೂ ಹಲ್ಲು ಕೀಳಿಸುವ ಮುಂಚೆ ರೇಡಿಯೇಷನ್ ಆಗಿದೆ ಅಂತ ಹೇಳಿ.

ಚರ್ಮದ ಸ್ಕ್ವೇಮಸ್ ಕ್ಯಾನ್ಸರ್ ಬಗ್ಗೆ ಬೇಗ ಮುಗಿಸುತ್ತೇನೆ, ಯಾಕೆಂದರೆ ಹೆಚ್ಚಿನವು ಸಣ್ಣ ಆಪರೇಷನ್ನಿನಲ್ಲೇ ಮುಗಿಯುತ್ತವೆ. ಮುಖದಂಥ ಜಾಗದಲ್ಲಿ ಮೋಸ್ ಎಂಬ ವಿಧಾನ ಇದೆ. ತೆಳ್ಳಗೆ ಒಂದು ಪದರ ತೆಗೆದು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಂಚಿನಲ್ಲಿ ಉಳಿದಿದ್ದರೆ ಆ ಕಡೆ ಮಾತ್ರ ಇನ್ನೊಂದು ಪದರ. ತುಂಬಾ ಹರಡಿದ್ದರೆ ಇಮ್ಯುನೊಥೆರಪಿ. ಸೆಮಿಪ್ಲಿಮ್ಯಾಬ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಇದಕ್ಕೇ. ಬಿಸಿಲಿನಿಂದ ಹುಟ್ಟಿದ ಕ್ಯಾನ್ಸರಿನಲ್ಲಿ ಜೀನುಗಳ ತಪ್ಪು ವಿಪರೀತ, ಅಷ್ಟು ಬದಲಾದ ಕೋಶ ದೇಹದ ಕಾವಲು ಪಡೆಗೆ ಪರಕೀಯನಾಗಿ ಕಾಣುವುದು ಸುಲಭ. ಆದರೆ ಕ್ಯಾನ್ಸರ್ ಆ ಕಾವಲಿನವರನ್ನು ಮಲಗಿಸಿರುತ್ತದೆ. ಈ ಔಷಧಿ ಅವರನ್ನು ಎಬ್ಬಿಸುತ್ತದೆ. ಆ ಮಲಗಿಸುವ ಗುಟ್ಟು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ಅದೇ 2018ರಲ್ಲಿ ನೊಬೆಲ್ ಬಂತು. ಬಾಯಿ, ಗಂಟಲು, ಶ್ವಾಸಕೋಶ, ಅನ್ನನಾಳಕ್ಕೂ ಈ ಜಾತಿಯ ಔಷಧಿ ಕೊಡುತ್ತಾರೆ. ಕೆಲಸ ಮಾಡಿದವರಲ್ಲಿ ಬಹಳ ದಿನ ಮಾಡುತ್ತದೆ, ಆದರೆ ಎಲ್ಲರಲ್ಲೂ ಮಾಡುವುದಿಲ್ಲ.

ಶ್ವಾಸಕೋಶದಲ್ಲಂತೂ ಕೋಶದ ಹೆಸರು ಗೊತ್ತಿಲ್ಲದೆ ಔಷಧಿ ಬರೆಯುವ ಹಾಗೇ ಇಲ್ಲ. ಪೆಮೆಟ್ರೆಕ್ಸೆಡ್ ಎಂಬ ಕೀಮೋ ಅಡಿನೋಕಾರ್ಸಿನೋಮಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಕ್ವೇಮಸ್ಸಿಗೆ ಮಾಡುವುದಿಲ್ಲ. ಬೆವಾಸಿಝುಮ್ಯಾಬ್ ಅನ್ನುವುದನ್ನು ಸ್ಕ್ವೇಮಸ್ ಇದ್ದವರಿಗೆ ಕೊಡುವುದಿಲ್ಲ, ಶ್ವಾಸಕೋಶದಲ್ಲಿ ಜೋರು ರಕ್ತಸ್ರಾವ ಆಗಬಹುದು. ಯಾರದೋ ಮನೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ದಿನಕ್ಕೊಂದು ಮಾತ್ರೆ ಕೊಟ್ಟರಂತೆ, ನಿಮಗ್ಯಾಕೆ ಬಾಟಲಿ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಆ ಮಾತ್ರೆ ಇಜಿಎಫ್‌ಆರ್ ಥರದ ಒಂದು ಜೀನ್ ಬದಲಾವಣೆ ಇದ್ದವರಿಗೆ, ಅದು ಹೆಚ್ಚಾಗಿ ಸಿಗುವುದು ಅಡಿನೋದಲ್ಲಿ.

ಸ್ಕ್ವೇಮಸ್ ಅಲ್ಲದವುಗಳ ಲೋಕ ಬೇರೆಯೇ. ಸ್ತನ, ದೊಡ್ಡ ಕರುಳು, ಪ್ರಾಸ್ಟೇಟ್ ಇವೆಲ್ಲ ಬಹುತೇಕ ಗ್ರಂಥಿಕೋಶದವು. ಸ್ತನಕ್ಕೆ ಆಪರೇಷನ್ ಇದೆ, ಆದರೆ ಕೋಶದ ಒಳಗೆ ಹಾರ್ಮೋನ್ ಹಿಡಿಯುವ ಕೊಂಡಿ ಇದ್ದರೆ ಟ್ಯಾಮಾಕ್ಸಿಫೆನ್ ಥರದ ಮಾತ್ರೆ ಐದು ವರ್ಷ ಅಥವಾ ಇನ್ನೂ ಹೆಚ್ಚು. ಪ್ರಾಸ್ಟೇಟಿನಲ್ಲಿ ನಿಧಾನದ ಬಗೆಯಾದರೆ ಏನೂ ಮಾಡದೆ ಬರೀ ಕಣ್ಣಿಟ್ಟು ಕಾಯುವುದೂ ಸರಿಯಾದ ಚಿಕಿತ್ಸೆಯೇ. ಥೈರಾಯ್ಡ್ ಕೋಶ ಅಯೋಡಿನ್ ಹೀರುತ್ತದೆ, ಹಾಗಾಗಿ ವಿಕಿರಣ ತುಂಬಿದ ಅಯೋಡಿನ್ ಕುಡಿಸಿದರೆ ಅದು ತಾನೇ ಹುಡುಕಿಕೊಂಡು ಹೋಗುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಕತ್ತರಿಸುವುದಕ್ಕೆ ಗಡ್ಡೆಯೇ ಇಲ್ಲ. ಅಲ್ಲಿ ಕೀಮೋ, ಕೆಲವರಿಗೆ ಅಸ್ಥಿಮಜ್ಜೆ ಕಸಿ, ದೀರ್ಘಕಾಲದ ಮೈಲಾಯ್ಡ್ ಬಗೆಯಾದರೆ 2001ರಿಂದ ಇಮ್ಯಾಟಿನಿಬ್ ಮಾತ್ರೆ. "ಕ್ಯಾನ್ಸರಿಗೆ ಔಷಧಿ ಸಿಕ್ಕಿತಂತೆ" ಅಂತ ಬೆಳಗಾದರೆ ಬರುವ ಮೆಸೇಜುಗಳನ್ನು ನೋಡಿದರೆ ಈಗ ನನಗೆ ಒಂದೇ ಪ್ರಶ್ನೆ, ಯಾವ ಕ್ಯಾನ್ಸರಿಗಪ್ಪಾ?

ಚಿಕಿತ್ಸೆಯ ದಿನಗಳ ಬಗ್ಗೆ ಸ್ವಲ್ಪ ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಮೊದಲ ಎರಡು ವಾರ ಚಿಕ್ಕಪ್ಪ ಇಷ್ಟೇನಾ ಅನ್ನುತ್ತಿದ್ದರು. ಮೂರನೇ ವಾರ ಬಾಯಿ ಕೆಂಪಾಯಿತು, ನಾಲ್ಕನೇ ವಾರ ಪೂರ್ತಿ ಹುಣ್ಣು. ಹೇಳಿದೆನಲ್ಲ, ಬಾಯಿಯ ಹಾಸು ಬೇಗ ಬೇಗ ಹುಟ್ಟಿ ಉದುರುವಂಥದ್ದು. ರೇಡಿಯೇಷನ್ನಿಗೆ ಒಡೆಯುತ್ತಿರುವ ಕೋಶ ಅಂದರೆ ಇಷ್ಟ, ಅದು ಒಳ್ಳೆಯದೋ ಕೆಟ್ಟದ್ದೋ ನೋಡುವುದಿಲ್ಲ. ಮೇಲಿನದು ಉದುರುತ್ತದೆ, ಕೆಳಗೆ ಹೊಸದು ಹುಟ್ಟುವುದಿಲ್ಲ, ಮಾಂಸ ಬಯಲಾಗುತ್ತದೆ. ನೀರು ನುಂಗಿದರೂ ಕಣ್ಣಲ್ಲಿ ನೀರು. ಮೂಗಿನಲ್ಲಿ ನಳಿಕೆ ಹಾಕಿಸಿಕೊಳ್ಳಿ ಅಂದಾಗ ಬೇಡವೇ ಬೇಡ ಅಂದರು, ಒಂದು ವಾರ ಹಠ ಹಿಡಿದು, ತೂಕ ಇಳಿದು, ಮುಖದ ಮೇಲೆ ಹಾಕುವ ಜಾಲರಿಯ ಮಾಸ್ಕ್ ಸಡಿಲ ಆಗುವ ತನಕ ಬಂದು, ಕೊನೆಗೆ ಹಾಕಿಸಿಕೊಂಡರು. ಮಾಸ್ಕ್ ಸಡಿಲ ಆಗುವುದು ಸಣ್ಣ ವಿಷಯ ಅಲ್ಲ. ಕಿರಣ ಮಿಲಿಮೀಟರ್ ಲೆಕ್ಕದಲ್ಲಿ ಬೀಳಬೇಕು, ತಲೆ ಅಲುಗಬಾರದು ಅಂತಲೇ ಅದನ್ನು ಅವರವರ ಮುಖಕ್ಕೆ ಅಚ್ಚು ಹಾಕಿರುವುದು. ತೂಕ ಬಹಳ ಇಳಿದರೆ ಮತ್ತೆ ಸ್ಕ್ಯಾನ್, ಮತ್ತೆ ಮಾಸ್ಕ್.

ನಡುವೆ ಬಿಡುವು ಕೊಡಿ ಅಂತ ಅವರು ಬೇಡಿಕೊಂಡಾಗ ನನಗೂ ಪಾಪ ಅನ್ನಿಸಿ ಡಾಕ್ಟರ ಹತ್ತಿರ ಕೇಳಿದೆ. ಆಗಲ್ಲ ಅಂದರು. ಸ್ಕ್ವೇಮಸ್ ಕೋಶಗಳು ಏಟು ಬೀಳುತ್ತಿರುವಾಗಲೇ, ಕೆಲವು ವಾರ ಕಳೆದ ಮೇಲೆ, ಇನ್ನೂ ಜೋರಾಗಿ ಹೆಚ್ಚಿಕೊಳ್ಳಲು ಶುರು ಮಾಡುತ್ತವಂತೆ. ಬಿಟ್ಟ ದಿನಗಳು ಅವಕ್ಕೆ ರಜೆ. ಆವತ್ತು ಮಷೀನು ಕೆಟ್ಟ ದಿನ ತಪ್ಪಿದ್ದನ್ನು ಶನಿವಾರ ಕರೆದು ಕೊಟ್ಟಿದ್ದು ಇದಕ್ಕೇ ಅಂತ ಆಗ ಅರ್ಥ ಆಯಿತು.

ಹಿಂತಿರುಗಿ ನೋಡಿದರೆ ನನಗೆ ಬೇಜಾರಾಗುವುದು ಶುರುವಿನ ಎರಡು ತಿಂಗಳ ಬಗ್ಗೆ. ನಾಲಿಗೆಯ ಅಂಚಿನಲ್ಲಿ ಹುಣ್ಣು ಇತ್ತು, ನೋವಿರಲಿಲ್ಲ. ಹಲ್ಲು ತಾಗಿ ಆಗಿದೆ ಅಂತ ನಾವೇ ತೀರ್ಮಾನ ಮಾಡಿಕೊಂಡು ಮುಲಾಮು ಹಚ್ಚುತ್ತಾ ಕೂತೆವು. ಬಾಯಿಯ ಹುಣ್ಣು ಮೂರು ವಾರಕ್ಕೆ ಮಾಯದಿದ್ದರೆ ತೋರಿಸಬೇಕು, ನೋವಿಲ್ಲದಿದ್ದರೂ. ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚಾಗಿ ಕೆಂಪು ಮಚ್ಚೆ, ಕತ್ತಿನಲ್ಲಿ ಗಂಟು, ನುಂಗುವಾಗ ಸಿಕ್ಕಿಕೊಂಡಂತೆ ಆಗುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ಇವೂ ಅಷ್ಟೇ. ಗರ್ಭಕೊರಳಿನದಂತೂ ಬರದ ಹಾಗೆ ಮಾಡಬಹುದಾದ ಕ್ಯಾನ್ಸರ್. ಎಚ್‌ಪಿವಿ ಅದರ ಕಾರಣ ಅಂತ ತೋರಿಸಿದ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂದಿದೆ, ಅದರಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಸುಮಾರು ಶೇಕಡಾ 70 ಪ್ರಕರಣಗಳಿಗೆ ಕಾರಣ, ಲಸಿಕೆ 2006ರಿಂದ ಇದೆ, ಸೋಂಕಿನಿಂದ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುವುದರಿಂದ ನಡುವೆ ಪರೀಕ್ಷೆ ಮಾಡಿ ಹಿಡಿಯುವುದಕ್ಕೂ ಬೇಕಾದಷ್ಟು ಸಮಯ ಇದೆ. ಬೆಂಚಿನ ಆ ಅಕ್ಕ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಅವರ ಇಬ್ಬರು ಹೆಣ್ಣುಮಕ್ಕಳು ಆ ಆರು ವಾರದಲ್ಲೇ ಮಾಡಿಸಿಕೊಂಡರು.

ಮೇಷ್ಟ್ರ ಆಪರೇಷನ್ ಆಗಿದೆ, ಮೊನ್ನೆ ಫೋನಿನಲ್ಲಿ ಮಾತಾಡಿದರು. ತೆಗೆದ ತುಂಡಿನಲ್ಲಿ ಏನೂ ಉಳಿದಿರಲಿಲ್ಲವಂತೆ. ಆ 49ರಲ್ಲಿ ತಾವೂ ಒಬ್ಬರು ಅಂತ ಅವರಿಗೆ ನಾನೇ ಹೇಳಿದೆ. ಹಾಗಿದ್ದರೆ ಆಪರೇಷನ್ ಯಾಕೆ ಮಾಡಿದರು ಅಂತ ಚಿಕ್ಕಪ್ಪ ಪಕ್ಕದಿಂದ ಕೂಗಿದರು. ತೆಗೆದು ನೋಡದೆ ಅದು ಖಚಿತವಾಗಿ ಗೊತ್ತಾಗುವುದಿಲ್ಲ ಅಂದೆ. ಹ್ಞೂಂ ಅಂದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಅವರ ಬಾಯಿ ಇನ್ನೂ ಒಣಗುತ್ತದೆ, ನೀರಿನ ಬಾಟಲಿ ಕೈಯಲ್ಲೇ ಇರುತ್ತದೆ. ಮುಂದಿನ ವಾರ ಕತ್ತು ಮುಟ್ಟಿ ನೋಡಿಸಿಕೊಳ್ಳುವುದಕ್ಕೆ ಹೋಗಬೇಕು, ಜೊತೆಗೆ ಥೈರಾಯ್ಡ್ ರಕ್ತಪರೀಕ್ಷೆ. ಕತ್ತಿಗೆ ಬಿದ್ದ ಕರೆಂಟ್ ಅದನ್ನೂ ಮಂಕು ಮಾಡಬಹುದು, ಹಾಗಾಗಿ ಆಗಾಗ ನೋಡಿಸುತ್ತಿರಬೇಕು ಅಂದಿದ್ದಾರೆ.